ಅರ್ಧ ಸುತ್ತು

ದರ್ಜಿ ತನ್ನ ಭಾವನ ಸೈಕಲ್ಲಿನ ಹಿಂದಿನ ಚಕ್ರವನ್ನು ಎತ್ತಿ ಹಿಡಿದು ಜೋರಾಗಿ ತಿರುಗಿಸಿದ. ಅದು ಅರ್ಧ ಸುತ್ತು ಸುತ್ತಿ, ಕಿರ್ರೆಂದು ನಿಂತುಬಿಟ್ಟಿತು.

ಹೋಟೆಲಿನ ಬೆಂಚಿನ ಮೇಲೆ ಭಾನುವಾರದ ಸವಾರರ ಬಡಾಯಿಯೂ ಅಲ್ಲಿಗೇ ನಿಂತಿತು. ದಾರಿಯ ದಿಬ್ಬವನ್ನು ಎಷ್ಟು ನಿಮಿಷದಲ್ಲಿ ಹತ್ತಿದೆನೆಂದು ಎಲ್ಲರೂ ಕೊಚ್ಚಿಕೊಳ್ಳುತ್ತಿದ್ದಾಗ, ದರ್ಜಿಯ ಭಾವ ಪೋಸ್ಟ್‌ಮಾಸ್ಟರರು ಮುಕ್ಕಾಲು ಗಂಟೆ ತಡವಾಗಿ ಬಂದು, ಹೆಲ್ಮೆಟ್ಟನ್ನು ಮೇಜಿನ ಮೇಲೆ ಕುಕ್ಕಿದ್ದರು. "ವಯಸ್ಸಾಯ್ತು ಕಣ್ರಪ್ಪಾ, ಕಾಲಲ್ಲಿ ಕಸುವೇ ಇಲ್ಲ. ಈ ಸೈಕಲ್ ಯಾರಿಗಾದ್ರೂ ಕೊಟ್ಬಿಡ್ತೀನಿ" ಎಂದಿದ್ದರು.

"ಭಾವ, ಬ್ರೇಕ್ ಏನಾದ್ರೂ ಮುಟ್ಟಿದ್ರಾ?" ದರ್ಜಿ ಕೇಳಿದ.

"ನಿನ್ನೆ ನಾನೇ ಬಿಗಿ ಮಾಡ್ದೆ. ಇಳಿಜಾರಲ್ಲಿ ಜೋಪಾನ ಅಂತ ನಿಮ್ಮಕ್ಕ ತಲೆ ತಿಂದಿದ್ಲು."

"ಭಲೇ! ಬ್ರೇಕ್ ಕಚ್ಕೊಂಡಿರೋ ಚಕ್ರಾನ ಮೂವತ್ತು ಕಿಲೋಮೀಟರ್ ತುಳಿದಿದ್ದೀರಿ! ನಮ್ಮ ಕೈಲಿ ಆಗ್ತಿತ್ತಾ ಇದು?"

ಬೆಂಚೇ ಅಲುಗುವಷ್ಟು ನಗು ಎದ್ದಿತು. ಪೋಸ್ಟ್‌ಮಾಸ್ಟರರು ಮಾತ್ರ ನಗದೆ, ತೊಡೆಗಳನ್ನು ಮೆಲ್ಲಗೆ ತಟ್ಟಿ ನೋಡಿಕೊಂಡರು. ದರ್ಜಿ ಬ್ರೇಕನ್ನು ಸಡಿಲಿಸಿ ಮತ್ತೆ ಚಕ್ರ ತಿರುಗಿಸಿದ. ಈಗ ಅದು ನಿಲ್ಲುವ ಲಕ್ಷಣವೇ ಕಾಣಲಿಲ್ಲ. ಅವರು ಹೆಲ್ಮೆಟ್ ಎತ್ತಿ ತಲೆಗೆ ಹಾಕಿಕೊಂಡರು.

"ಎಲ್ಲಿಗೆ ಭಾವ? ತಿಂಡಿ ಬರ್ತಾ ಇದೆ."

"ಅದು ಆರೋದ್ರೊಳಗೆ ಆ ದಿಬ್ಬ ಹತ್ತಿ ಬರ್ತೀನಿ. ಯಾರಾದ್ರೂ ಟೈಮ್ ನೋಡ್ಕೊಳ್ರೋ!"