ಪುಡಿಯಾಗುವ ಹಣ್ಣು

ಮಡಿಕೇರಿಯ ಮನೆಯ ಹಿತ್ತಲಲ್ಲಿ ಪ್ರಫುಲ್ಲಾ ಬೆಳೆಸಿದ್ದ ರಾಸ್ಪ್‌ಬೆರಿ ಹಣ್ಣು ಈ ಸಲವೂ ಮುಟ್ಟಿದರೆ ಕೈಯಲ್ಲೇ ಉದುರಿಹೋಗುತ್ತಿತ್ತು. ಎಂದೂ ಹಿತ್ತಲಿಗೆ ಕಾಲಿಡದ ಗಂಡ ನಾಗಭೂಷಣ ತಾನಾಗಿಯೇ ತೋಟಗಾರಿಕೆ ಇಲಾಖೆಯವರೊಬ್ಬರನ್ನು ಕರೆತಂದಾಗ ಅವಳಿಗೆ ಕಣ್ಣು ತುಂಬಿ ಬಂತು. ಕಾಫಿ ಮಾಡಲು ಒಳಗೆ ಹೋದಳು.

ಬಂದವರು ಹಣ್ಣು ಬಿಡಿಸಿ ನೋಡಿದರು. "ಹುಳ ಇಲ್ಲ, ರೋಗವೂ ಕಾಣಲ್ಲ. ಹೂವಿಗೆ ಜೇನ್ನೊಣ ಬರ್ತಿಲ್ಲ ಅಷ್ಟೆ. ಪರಾಗ ಸರಿಯಾಗಿ ಬೀಳದಿದ್ರೆ ಹಣ್ಣಿನ ಸಣ್ಣ ಸಣ್ಣ ಕಾಳು ಒಂದಕ್ಕೊಂದು ಕೂಡಿಕೊಳ್ಳಲ್ಲ, ಹಣ್ಣು ಹೀಗೇ ಪುಡಿಯಾಗುತ್ತೆ. ಪಕ್ಕದಲ್ಲೇ ಒಂದು ಜೇನುಪೆಟ್ಟಿಗೆ ಇಡಿ."

"ಇಷ್ಟೇನಾ ಸಾರ್?" ಎಂದು ನಾಗಭೂಷಣ ನಕ್ಕ.

ಮುಂದಿನ ಭಾನುವಾರ ಬೆಳಿಗ್ಗೆ, "ಗಿಡದ ಹತ್ತಿರ ಹೋಗಿ ನೋಡು, ನಿನಗೊಂದು ಉಡುಗೊರೆ ತಂದಿಟ್ಟಿದ್ದೀನಿ" ಎಂದ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಖುಷಿಯಿಂದ ಹೋದಳು. ಗಿಡಗಳ ನಡುವೆ ಗುಂಯ್‌ಗುಡುತ್ತಿದ್ದ ಪೆಟ್ಟಿಗೆ ಕಂಡು ಅಲ್ಲೇ ನಿಂತುಬಿಟ್ಟಳು.

"ರೀ, ಹೋದ ವರ್ಷ ಒಂದೇ ಒಂದು ಜೇನು ಕಚ್ಚಿ ನಾನು ಆಸ್ಪತ್ರೆ ಸೇರಿದ್ದೆ. ಇನ್ನೊಮ್ಮೆ ಕಚ್ಚಿದ್ರೆ ಜೀವ ಉಳಿಯೋದು ಕಷ್ಟ ಅಂತ ಡಾಕ್ಟರು ಹೇಳಿದ್ದು ಮರೆತುಬಿಟ್ರಾ?"

"ಮರೆತಿಲ್ಲ" ಎಂದ ಅವನು ಹಿತ್ತಲ ಬಾಗಿಲಲ್ಲೇ ನಿಂತು ಪೆಟ್ಟಿಗೆಗೆ ಕಲ್ಲು ಬೀಸಿ, ಒಳಗಿನಿಂದ ಚಿಲಕ ಹಾಕಿಕೊಂಡ.