ಸಂಸಾರದ ಸಾಮಾನು

"ಹೊಸದನ್ನ ಹಳೇದು ಅಂತ ತಂದವ್ರೆ ಅಂತಾರೆ ಕಸ್ಟಮ್ಸ್‌ನೋರು," ಎಂದು ರಘು ಮೊಬೈಲನ್ನು ಮೇಜಿನ ಮೇಲಿಟ್ಟ. "ಬಳಸಿದ ಸಾಮಾನಾದ್ರೆ ಸುಂಕ ಇಲ್ಲ. ಹೊಸದಾದ್ರೆ ಮೂರು ಲಕ್ಷ. ಕಟ್ಟಿ, ಇಲ್ಲ ಆಸೆ ಬುಡಿ ಕಣಣ್ಣ."

ಬಸವರಾಜು ಕಪ್ಪು ಕನ್ನಡಕ ಸರಿಮಾಡಿಕೊಂಡ. ಹುಣಸೂರು ಬಸ್‌ಸ್ಟ್ಯಾಂಡಿನ ಹಿಂದಿನ ರಘುವಿನ ಟೈಪಿಂಗ್ ಅಂಗಡಿಯ ಕತ್ತಲಲ್ಲೂ ಅವನು ಅದನ್ನು ತೆಗೆದಿರಲಿಲ್ಲ. ಹದಿನೆಂಟು ವರ್ಷ ಮಸ್ಕತ್ತಿನಲ್ಲಿ ಒಂದು ಕಂಪನಿಯ ಉಗ್ರಾಣ ಕಾದು ರಿಟೈರ್ ಆಗಿ ಬಂದವನು, ಆ ಉಗ್ರಾಣವನ್ನೇ ಕೊಂಡು ಬಂದವನ ಹಾಗೆ ನಡೆಯುತ್ತಿದ್ದ.

ಬೆಂಚಿನ ತುದಿಯಲ್ಲಿ ಹೆಂಡತಿ ಮಹದೇವಮ್ಮ ಕೂತಿದ್ದಳು. ಅವಳನ್ನು ಕರೆತಂದದ್ದು ಸಲಹೆ ಕೇಳಲಿಕ್ಕಲ್ಲ, ಚೀಲ ಹೊರಲಿಕ್ಕೆ.

ಅವನು ಮಸ್ಕತ್ತಿನಿಂದ ಕಳಿಸಿದ್ದ ಸಾಮಾನು ಬೆಂಗಳೂರಿನ ಕಸ್ಟಮ್ಸ್ ಗೋದಾಮಿನಲ್ಲಿ ಬಿದ್ದಿತ್ತು. ಅದು ಬೆಟ್ಟದಪುರದ ಮನೆ ಸೇರಿದ ದಿನ ಮಹದೇವಮ್ಮನ ತಾಯಿ ಚೆಲುವಮ್ಮ ಮನೆ ಬಿಡಬೇಕು. ಬಸವರಾಜು ಬಂದಿಳಿದ ದಿನವೇ ಹೇಳಿಬಿಟ್ಟಿದ್ದ: "ಮನೆ ನನ್ನ ಹೆಸರ್ನಲ್ಲಿ ಅದೆ. ಸೋಫಾ ಇಡಕ್ಕೆ ಜಾಗ ಬೇಕು. ಮುದುಕೀನ ಹೊಗೆಸೊಪ್ಪು ಒಣಗ್ಸೋ ಬ್ಯಾರನ್‌ಗೆ ಸಾಗ್ಸು. ಆಗಲ್ಲ ಅಂದ್ರೆ ನೀನೂ ಹೊರಡು." ಮನೆ ಎದ್ದಿದ್ದು ಚೆಲುವಮ್ಮನ ಜಾಗದ ಮೇಲೆ. ಮದುವೆಯಲ್ಲಿ ಅಳಿಯನ ಹೆಸರಿಗೆ ಬರೆದುಕೊಟ್ಟಿದ್ದಳು, ಪುಣ್ಯಾತ್ಗಿತ್ತಿ.

ಬೇರೆ ಹೆಂಗಸಾಗಿದ್ದರೆ ಆ ಸಾಮಾನು ಅಲ್ಲೇ ಕೊಳೆಯಲಿ ಎಂದು ಹರಕೆ ಹೊರುತ್ತಿದ್ದಳು. ಮಹದೇವಮ್ಮ ಎದ್ದು ಬಂದು ಮೊಬೈಲಿನ ಮೇಲೆ ಬಗ್ಗಿದಳು.

"ಈ ಪಟ ವಸಿ ದೊಡ್ಡದು ಮಾಡಪ್ಪ. ನೋಡು, ಗ್ರೈಂಡರಿನ ಸಂದೀಲಿ ಹಿಟ್ಟು ಒಣಗ್ಕೊಂಡದೆ. ಹೊಲಿಗೆ ಮಿಷನ್ನು ತುಳಿಯೋ ಹಲಗೇಲಿ ಬಣ್ಣವೇ ಇಲ್ಲ. ಹೊಸದು ಹಿಂಗಿರ್ತದಾ?"

"ಭೇಷ್ ಅಕ್ಕ!" ಎಂದ ರಘು. ಪರದೇಶದಿಂದ ಬಂದವರನ್ನು ಅವನು ನಲವತ್ತು ಜನ ಕಂಡಿದ್ದ. ಹೊರಡುವ ತಿಂಗಳು ಕೊಳ್ಳುವುದು, ಬೀಗದ ಕೈಯಿಂದ ನಾಲ್ಕು ಗೀರು ಎಳೆಯುವುದು, ಹಳೇದು ಎನ್ನುವುದು. ಹಿಟ್ಟು ಮೆತ್ತುವಷ್ಟು ತಲೆ ಯಾರಿಗೂ ಓಡಿರಲಿಲ್ಲ. "ಹಿಟ್ಟಿನ ಐಡಿಯಾ ನಿಮ್ದೇನಾ ಅಣ್ಣ?"

ಬಸವರಾಜು ಮೀಸೆಯಲ್ಲೇ ನಕ್ಕ. ಪುಕ್ಕಟೆ ಸಿಕ್ಕಿದ ಹೊಗಳಿಕೆಯನ್ನು ಬೇಡವೆನ್ನುವ ಜಾಯಮಾನ ಅವನದಲ್ಲ.

"ಆದ್ರೆ ಸಾಹೇಬ್ರು ಇನ್ನೊಂದು ಕೇಳವ್ರೆ," ಎಂದ ರಘು. "ಕಂಪನಿ ಕ್ಯಾಂಪಲ್ಲಿ ಏಳು ಜನದ ಜೊತೆ ಒಂದೇ ರೂಮು, ಮೆಸ್ಸಲ್ಲಿ ಊಟ ಅಂತ ನೀವೇ ಫಾರಂನಲ್ಲಿ ಬರೆಸಿದೀರಿ. ಅಂಥವ್ನಿಗೆ ಹೊಲಿಗೆ ಮಿಷನ್ ಯಾಕೆ?"

"ಗುಂಡಿ ಹೊಲ್ಕೊಳಕ್ಕೆ."

"ಒಂದು ಗುಂಡಿಗೊಂದು ಮಿಷನ್ನಾ?" ರಘು ಕಿಸಕ್ಕನೆ ನಕ್ಕ. "ನಡೆಯಕಿಲ್ಲ ಕಣಣ್ಣ. ಫಾರಂ ತಿದ್ದಿ, ಅಲ್ಲೊಂದು ಮನೆ ಇತ್ತು, ಅಲ್ಲಿ ಬಳಸಿದ್ದು ಅಂತ ಆಗ್ಬೇಕು."

"ಅಲ್ಲಿ ಸಂಸಾರ ಇತ್ತು ಅಂತ ಬರ್ದುಬುಟ್ರೆ?" ಎಂದಳು ಮಹದೇವಮ್ಮ.

ಬಸವರಾಜು ಕನ್ನಡಕ ತೆಗೆದ. ಅವಳು ಸೆರಗಿನ ತುದಿಯಿಂದ ಮೊಬೈಲಿನ ಗಾಜು ಒರೆಸುತ್ತಿದ್ದಳು.

"ಏನಂದೆ?"

"ಸುಂಕ ಉಳೀತದಲ್ಲ ಅಂದೆ ಕಣ್ರೀ."

ಅವನು ಇನ್ನೊಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ತೊಡೆ ತಟ್ಟಿಕೊಂಡು ನಕ್ಕ. "ನೋಡ್ಲಾ ರಘು! ಕುರಿ ಮಂದೇಲೂ ಒಂದೊಂದ್ಸಲ ಬುದ್ಧಿ ಹುಟ್ತದೆ!"

"ಪ್ರಮಾಣಪತ್ರ ಮಾಡಿಸ್ಬೇಕು. ಸುಳ್ಳು ಪ್ರಮಾಣ ಕಣಣ್ಣ, ನಾಳೆ ಯಾರಾದ್ರೂ ಕೇಳಿದ್ರೆ?"

"ಸುಳ್ಳು ಅಂತ ಸಾಬೀತು ಮಾಡೋ ಗಂಡಸು ಇನ್ನೂ ಹುಟ್ಟಿಲ್ಲ. ಬರಿಲಾ."

ರಘು ಟೈಪು ಮಾಡತೊಡಗಿದ. "ಅಕ್ಕನ ಹೆಸರು ಹಾಕ್ಲಾ?"

"ಬ್ಯಾಡ ಕಣಪ್ಪ. ನಾನು ಮೈಸೂರು ದಾಟಿದೋಳಲ್ಲ, ಪಾಸ್‌ಪೋರ್ಟೂ ಇಲ್ಲ. ಇವ್ರು ಸಿಕ್ಕಾಕ್ಕೊತಾರೆ. ಬರೀ ಹೆಂಡತಿ, ಸಂಸಾರ ಅಂತ ಹಾಕು, ಸಾಕು."

"ಅದೂ ಸರಿ. ಅಲ್ಲಿನ ಬಾಡಿಗೆ ಮನೆ ಕಾಗದ ಒಂದಿದ್ದಿದ್ರೆ ಇನ್ನೂ ಗಟ್ಟಿಯಾಗ್ತಿತ್ತು."

ಬಸವರಾಜುವಿನ ಕೈ ಬ್ಯಾಗಿನ ಜಿಪ್ಪಿನ ಮೇಲೆ ಬಂದು ನಿಂತಿತು.

"ಮೂರು ಲಕ್ಷ," ಎಂದು ಮಹದೇವಮ್ಮ ಗೋಡೆಗೆ ಹೇಳಿಕೊಂಡಳು.

ಜಿಪ್ಪು ತೆರೆಯಿತು. ಇಂಗ್ಲಿಷು, ಅರಬ್ಬೀ ಎರಡೂ ಇದ್ದ ಮಾಸಲು ಕಾಗದ ಹೊರಬಂತು. ರಘು ಹಣೆ ಚಚ್ಚಿಕೊಂಡ. "ಇದನ್ನೂ ಮಾಡಿಸಿಟ್ಕೊಂಡಿದೀರಾ? ಭೂಪ ಕಣಣ್ಣ ನೀವು!"

ಭೂಪ ಕಾಲರು ಎತ್ತಿಕೊಂಡ.

ಕೆಳಗಿನ ನೋಟರಿ ಒಂದೇ ಉಸಿರಿಗೆ ಓದಿದರು. ಹನ್ನೆರಡು ವರ್ಷದಿಂದ ಮಸ್ಕತ್ತಿನ ಸದರಿ ಬಾಡಿಗೆ ಮನೆಯಲ್ಲಿ ಹೆಂಡತಿಯೊಂದಿಗೆ ಸಂಸಾರ ಹೂಡಿದ್ದು, ಈ ಸಾಮಾನುಗಳನ್ನು ಇಬ್ಬರೂ ದಿನವೂ ಬಳಸಿರುತ್ತೇವೆ, ಇದು ಸತ್ಯ. ಬಸವರಾಜು ಮೂರು ಪ್ರತಿಗೂ ಬಾಲ ಎಳೆದು ಸಹಿ ಮಾಡಿದ. ಬಾಡಿಗೆ ಕಾಗದದ ನಕಲನ್ನು ಒಂದೊಂದಕ್ಕೂ ಲಗತ್ತಿಸಿದರು. ಒಂದು ಕಸ್ಟಮ್ಸಿಗೆ, ಒಂದು ರಘುವಿನ ಫೈಲಿಗೆ. ಮೂರನೆಯದಕ್ಕೆ ಮಹದೇವಮ್ಮ ಕೈ ಚಾಚಿದಳು.

"ಲಾರಿಯೋನು ಕೇಳಿದ್ರೆ ಇರ್ಲಿ."

"ಇಟ್ಕೊ. ಓದಿ ಮೇಷ್ಟ್ರಾಗು," ಎಂದು ಅವನು ಅದನ್ನು ಅವಳ ಮೇಲೆಸೆದ. "ಸಂಜೆ ಒಳಗೆ ಮುದುಕಿ ಚಾಪೆ ಬ್ಯಾರನ್‌ ಸೇರಿರ್ಬೇಕು, ತಿಳೀತಾ?"

"ತಿಳೀತು."

ಅವನು ಲಾರಿ ಗೊತ್ತುಮಾಡಲು ಬಸ್‌ಸ್ಟ್ಯಾಂಡಿನ ಕಡೆ ಹೋದ. ಅವನ ಬೆನ್ನು ಜನರಲ್ಲಿ ಮರೆಯಾಗುವವರೆಗೂ ಮಹದೇವಮ್ಮ ನಿಂತಿದ್ದಳು. ಆಮೇಲೆ ರಸ್ತೆ ದಾಟಿ, ಕೋರ್ಟಿನ ಎದುರಿನ ಮೆಟ್ಟಿಲು ಹತ್ತಿ, ವಕೀಲೆ ಸಂಘಮಿತ್ರ ಅವರ ಮೇಜಿನ ಮೇಲೆ ಕಾಗದ ಬಿಡಿಸಿಟ್ಟಳು.

"ನಮ್ಮನ್ನ ಮನೆ ಬಿಡಿಸದಂಗೆ ತಡೆ ತರಕ್ಕೆ, ಅವ್ರಿಗೆ ಅಲ್ಲೊಬ್ಳು ಹೆಂಡ್ತಿ ಅವ್ಳೆ ಅನ್ನಕ್ಕೆ ಸಾಕ್ಷಿ ತತ್ತಾ ಅಂದಿದ್ರಲ್ಲ ಮೇಡಂ, ತಗೊಳ್ಳಿ, ಅವ್ರೇ ಪ್ರಮಾಣ ಮಾಡಿ ಸೈ ಹಾಕವ್ರೆ."