ತುಳಿಯುವ ವಾದ್ಯ

ಎರಡನೆಯ ಹಾಡಿನ ಪಲ್ಲವಿ ಮುಗಿಯುತ್ತಿದ್ದಂತೆ ಚೇತನ್‌ಕುಮಾರ್ ಗಿಟಾರಿನ ತಂತಿ ಮೀಟಿ, ಕಾಲ ಬಳಿಯಿದ್ದ ಪೆಟ್ಟಿಗೆಯ ಗುಂಡಿಯೊಂದನ್ನು ಬರಿಗಾಲಿನ ಹೆಬ್ಬೆರಳಿನಿಂದ ಒತ್ತಿದ. ಮರುಕ್ಷಣವೇ ತಂತಿಯಿಂದ ಎರಡೂ ಕೈ ತೆಗೆದು, ಬಗ್ಗಿ, ಅದೇ ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಅರಸೀಕೆರೆಯ ಆ ಕಲ್ಯಾಣಮಂಟಪದಲ್ಲಿ ಆರತಕ್ಷತೆಗೆ ಬಂದಿದ್ದ ಮುನ್ನೂರು ಮಂದಿ ಅದನ್ನು ನೋಡಿದರು. ಆರ್ಕೆಸ್ಟ್ರಾದ ಯಜಮಾನ ರಾಜಶೇಖರ್ ವೇದಿಕೆಯ ಪಕ್ಕದಿಂದ ನೋಡಿ ಹುಬ್ಬು ಗಂಟಿಕ್ಕಿದರು. ಮುಂದಿನ ಸಾಲಿನಲ್ಲಿದ್ದ ಚೇತನ್‌ನ ತಾಯಿ ರುಕ್ಮಿಣಮ್ಮ ಮಾತ್ರ ನೋಡಿ ಸಮಾಧಾನದಿಂದ ತಲೆದೂಗಿದರು.

ರಾಜಶೇಖರ್ ಅವನನ್ನು ಅಂದು ಕರೆಸಿದ್ದೇ ಪರೀಕ್ಷೆಗೆ. ಒಪ್ಪಿಗೆಯಾದರೆ ತಂಡದಲ್ಲಿ ಕಾಯಂ ಜಾಗ. ಕೊಬ್ಬರಿ ಮಂಡಿಯ ಕೆಲಸ ಮುಗಿಸಿ ಬಂದು ನಾಲ್ಕು ವರ್ಷ ಬೆರಳು ಸವೆಸಿದ್ದವನಿಗೆ, ‘ಚೆನ್ನಾಗಿ ನುಡಿಸ್ತೀಯ’ ಎಂದು ಸಂಗೀತ ಬಲ್ಲವರೊಬ್ಬರ ಬಾಯಿಂದ ಕೇಳಬೇಕಿತ್ತು. ಜಾಗಕ್ಕಿಂತ ಹೆಚ್ಚಾಗಿ ಅವನು ಆ ಒಂದು ಮಾತಿಗೆ ಹಸಿದಿದ್ದ.

ಈ ಬಗ್ಗುವ ಪಾಡಿಗೆ ಕಾರಣ ಅವನದೇ ಬಾಯಿ. ಪೆಟ್ಟಿಗೆ ಮನೆಗೆ ಬಂದ ದಿನ, ಇದೇನೆಂದು ಕೇಳಿದ ತಾಯಿಗೆ ಅವನು ಇದ್ದದ್ದನ್ನೇ ಹೇಳಬಹುದಿತ್ತು: ಗಿಟಾರಿಗೆ ಜೋಡಿಸುವ ದೊಡ್ಡ ದೊಡ್ಡ ಆಂಪ್ಲಿಫೈಯರ್‌ಗಳ ದನಿಯನ್ನು ಅನುಕರಿಸುವ ಡಿಜಿಟಲ್ ಯಂತ್ರ, ಕಾಲಲ್ಲಿ ಗುಂಡಿ ಒತ್ತಿದರೆ ಗಿಟಾರಿನ ದನಿ ಬದಲಾಗುತ್ತದೆ, ಅಷ್ಟೇ. ಅವನು ಹಾಗನ್ನದೆ, ನಾದವೆಲ್ಲ ಇದರೊಳಗೇ ಇರುವುದೆಂದು ಜಂಬ ಕೊಚ್ಚಿಕೊಂಡ. ರುಕ್ಮಿಣಮ್ಮ ಮಗನ ಮಾತನ್ನು ಅಕ್ಷರಶಃ ನಂಬಿದರು. ಆಯುಧಪೂಜೆಯ ದಿನ ಕುಡುಗೋಲು, ಮಿಕ್ಸಿ, ತಮ್ಮ ಹೊಲಿಗೆ ಮಿಷನ್ನು, ಗಂಡನ ಟ್ರ್ಯಾಕ್ಟರು ಇವುಗಳ ಜೊತೆ ಅದಕ್ಕೂ ಅರಿಶಿನ ಕುಂಕುಮ ಇಟ್ಟರು. ಮರುದಿನ ಉಳಿದವೆಲ್ಲ ತಮ್ಮ ತಮ್ಮ ಕೆಲಸಕ್ಕೆ ಮರಳಿದರೂ ಪೆಟ್ಟಿಗೆ ಮಾತ್ರ ದೇವರ ಗೂಡಿನಲ್ಲೇ ಉಳಿಯಿತು.

ಆರತಕ್ಷತೆಯ ದಿನ ಬೆಳಿಗ್ಗೆ ಅದನ್ನು ಕೆಳಗಿಳಿಸಿ, ಕಾಲಲ್ಲಿ ಒತ್ತಿ ನೋಡುವಾಗ ಚೇತನ್ ಸಿಕ್ಕಿಬಿದ್ದ.

“ಸರಸ್ವತೀನ ತುಳೀತೀಯೇನೋ?” ಎಂದರು ರುಕ್ಮಿಣಮ್ಮ.

“ಅಪ್ಪ ಟ್ರ್ಯಾಕ್ಟರ್ ಬ್ರೇಕು ತುಳಿಯಲ್ವೇನವ್ವ? ನೀನು ದಿನಾ ಮಿಷನ್ ತುಳಿಯಲ್ವಾ?”

“ಅವು ಹಾಡ್ತಾವೇನೋ?”

ಒತ್ತಲೇಬೇಕಾದರೆ ಕೈಯಲ್ಲೇ ಒತ್ತು ಎಂದರು ತಾಯಿ. ಎರಡೂ ಕೈ ಗಿಟಾರಿನ ಮೇಲಿರುತ್ತವೆ ಎಂದು ಇವನು ಗೋಗರೆದ. ತಿಂಡಿ ತಣ್ಣಗಾಗುವವರೆಗೆ ವಾದ ನಡೆದು ಕೊನೆಗೊಂದು ರಾಜಿಯಾಯಿತು. ತುಳಿಯಬಹುದು, ಆದರೆ ಬರಿಗಾಲಲ್ಲಿ. ಪುಸ್ತಕಕ್ಕೆ ಕಾಲು ತಾಗಿದರೆ ಮಾಡುವಂತೆ, ತುಳಿದಷ್ಟು ಸಲವೂ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ದೀಪದ ಮುಂದೆ ಆಣೆ ಇಡಿಸಿಕೊಂಡದ್ದೂ ಸಾಲದೆ, ಮದುಮಗಳ ರವಿಕೆ ಹೊಲಿದವರು ತಾವೇ ಎಂಬ ಸಲಿಗೆಯಲ್ಲಿ ಮುಂದಿನ ಸಾಲಿಗೇ ಬಂದು ಕೂತರು.

ಒಂದು ಹಾಡಿಗೆ ಕಡಿಮೆಯೆಂದರೂ ಹತ್ತು ಸಲ ಒತ್ತಬೇಕು. ಹತ್ತು ಸಲ ಬಗ್ಗಿದರೆ ಹಾಡು ಹತ್ತು ಕಡೆ ಮುಗ್ಗರಿಸುತ್ತದೆ. ಆದರೆ ಪೆಟ್ಟಿಗೆಯಲ್ಲಿ, ದೊಡ್ಡ ಗುಡಿಯೊಳಗೆ ಕೂಗಿದಂತೆ ದನಿಯನ್ನು ಹಬ್ಬಿಸುವ ರಿವರ್ಬ್ ಇತ್ತು. ನುಡಿದ ಸ್ವರವನ್ನೇ ಮತ್ತೆ ಮತ್ತೆ ನುಡಿಯುವ ಡಿಲೇ ಇತ್ತು. ಚೇತನ್ ಎರಡನ್ನೂ ತುದಿಮುಟ್ಟ ಏರಿಸಿಬಿಟ್ಟ. ಈಗ ತಂತಿ ಮೀಟಿ ಬಗ್ಗಿದರೆ, ಅವನು ಎದ್ದು ನಿಲ್ಲುವವರೆಗೂ ಆ ಸ್ವರ ಮಂಟಪದ ತುಂಬ ಅಲೆಯುತ್ತಿತ್ತು. ಎದ್ದವನೇ ಬೆರಳುಗಳನ್ನು ಓಡಿಸಿ ನುಡಿಸುತ್ತಿದ್ದ; ಆ ನುಡಿಕೆಯೂ ಹಳೆಯ ಅಲೆಯೊಳಗೇ ಸೇರಿಹೋಗುತ್ತಿತ್ತು. ಸೊಂಟ ಸತ್ತುಹೋಗಿದ್ದರೂ, ಹಾಡು ಎಲ್ಲಿಯೂ ನಿಲ್ಲಲಿಲ್ಲವಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆ.

ಜನ ಕಂಡದ್ದೇ ಬೇರೆ. ಅವನ ಕೈ ಕಣ್ಣ ಮೇಲಿದೆ, ತಂತಿಯನ್ನು ಯಾರೂ ಮುಟ್ಟಿಲ್ಲ, ಸಂಗೀತ ಮಾತ್ರ ಬರುತ್ತಲೇ ಇದೆ. ಮೂರನೆಯ ಹಾಡಿಗೆ ಮದುಮಗನ ಅಜ್ಜಿ ಮಹದೇವಮ್ಮ ಎದ್ದು ಕೈ ಮುಗಿದರು. ಐದನೆಯದಕ್ಕೆ ಅವರ ಸಾಲಿಗೆ ಸಾಲೇ ಎದ್ದಿತು. ಏಳನೆಯದಕ್ಕೆ ಊಟದ ಹಾಲಿನವರು ಪಾಯಸದ ಕೈಯಲ್ಲೇ ಬಂದು ನಿಂತರು. ವಿಡಿಯೋದವನು ಮದುಮಕ್ಕಳನ್ನು ಬಿಟ್ಟು ಕ್ಯಾಮೆರಾವನ್ನು ಪೆಟ್ಟಿಗೆಯ ಕಡೆ ತಿರುಗಿಸಿದ. ಮದುಮಕ್ಕಳು ಬೇಸರಪಡಲಿಲ್ಲ, ಅವರೂ ಚಪ್ಪಲಿ ಬಿಟ್ಟು ಅದರ ಜೊತೆ ಫೋಟೊಗೆ ಸರದಿಯಲ್ಲಿ ನಿಂತಿದ್ದರು. ಮಹದೇವಮ್ಮ ಮೊಳಗಟ್ಟಲೆ ಮಲ್ಲಿಗೆ ತಂದು ಏರಿಸಿದ ಮೇಲೆ ಗುಂಡಿಗಳೇ ಕಾಣದಾಗಿ, ಕೊನೆಯ ಎರಡು ಹಾಡುಗಳಲ್ಲಿ ಚೇತನ್ ಅಂದಾಜಿನ ಮೇಲೆ ಒತ್ತಿ, ಅಂದಾಜಿನ ಮೇಲೆಯೇ ನಮಸ್ಕರಿಸಿದ.

ಕಾರ್ಯಕ್ರಮ ಮುಗಿದು ಅವನು ಬೆವರು ಒರೆಸಿಕೊಳ್ಳುತ್ತಿದ್ದಾಗ ರಾಜಶೇಖರ್ ಬಂದರು. ಮೆಟ್ಟಿಲ ಬಳಿ ಶೂ ಬಿಟ್ಟೇ ಹತ್ತಿದ್ದರು.

“ಜಾಗ ನಿಂದೇ ಕಣಪ್ಪ,” ಎಂದರು. “ನಾಳಿದ್ದು ಜಾವಗಲ್, ಅದರ ಮಾರನೇ ದಿನ ಬೇಲೂರು. ಎರಡೂ ಊರಿನ ಮದುವೆ ಮನೆಯವ್ರು ಇಲ್ಲೇ ಬಂದು ಕೇಳ್ಕೊಂಡು ಹೋದ್ರು.”

ರುಕ್ಮಿಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾಲ್ಕು ವರ್ಷದಿಂದ ಕಾದಿದ್ದ ಮಾತು ಇನ್ನೇನು ಬಂದೇಬಿಟ್ಟಿತು ಎಂದು ಚೇತನ್ ರಾಜಶೇಖರ್ ಬಾಯನ್ನೇ ನೋಡಿದ. ಅದು ಬಾರದಿದ್ದಾಗ ನಾಚಿಕೆ ಬಿಟ್ಟು ತಾನೇ ಕೇಳಿದ.

“ನಾನು ನುಡಿಸಿದ್ದು ಹೆಂಗಿತ್ತು ಸಾರ್?”

ರಾಜಶೇಖರ್ ಹೂವಿನಡಿಯ ಪೆಟ್ಟಿಗೆಯನ್ನು ನೋಡಿದರು, ಅವನ ಹೆಗಲಲ್ಲಿ ನೇತಾಡುತ್ತಿದ್ದ ಗಿಟಾರನ್ನು ನೋಡಿದರು. ಅವರ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ.

“ನೀನು ಯಾವಾಗಪ್ಪ ನುಡಿಸ್ದೆ?”